ತಪ್ಪು ನಮೂದಾದಲ್ಲೇ ತಿದ್ದುಪಡಿಯೂ ಆಗಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ, ಕಚೇರಿ ಅಧೀಕ್ಷಕರಿಗೆ, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರಿಗೆ, ನೋಡಲ್ ಅಧಿಕಾರಿಗಳಿಗೆ ಹಾಗೂ ಅಂಕ ನಮೂದಿಸುವ ಎಲ್ಲ ಅಧ್ಯಾಪಕರಿಗೆ,

ಮಾನ್ಯರೇ,

ನಿಮ್ಮ ಕಾಲೇಜುಗಳ ಪ್ರವೇಶಾತಿ, ಶುಲ್ಕ, ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ಆಂತರಿಕ ಅಂಕ, ಫಲಿತಾಂಶ ಎಲ್ಲವೂ 2021-22ನೇ ಸಾಲಿನಿಂದೀಚೆಗೆ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯೊಳಗೆ, ಎಲ್ಲರೂ ಹೇಳುವಂತೆ ಯುಯುಸಿಎಂಎಸ್‌ನೊಳಗೆ, ಸೇರಿಕೊಂಡಿವೆ. ಆ ವ್ಯವಸ್ಥೆಯನ್ನು ಕೈಬಿಡಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಹಿಂದಿನ ಪದ್ಧತಿ ಚೆನ್ನಾಗಿತ್ತು ಎಂಬ ಭ್ರಮೆಯೂ ನನಗಿಲ್ಲ. ಶುಲ್ಕದ ಚಲನ್ ಹಿಡಿದು ಬ್ಯಾಂಕಿನ ಮುಂದೆ ಸರದಿ ನಿಲ್ಲುವುದು, ಪರೀಕ್ಷಾ ಅರ್ಜಿಗಳ ಕಟ್ಟು ಹೊತ್ತು ಸಹಾಯಕರು ಬಸ್ ಹತ್ತುವುದು, ಒಂದೇ ಹೆಸರನ್ನು ಐದು ಪುಸ್ತಕಗಳಲ್ಲಿ ಐದು ಸಲ ಬರೆಯುವುದು, ಇವೆಲ್ಲ ತಪ್ಪಿದ್ದು ಒಳ್ಳೆಯದೇ. ನಾನು ಕೇಳುತ್ತಿರುವುದು ಒಂದೇ ಒಂದು. ಮಾಹಿತಿಯನ್ನು ನಮೂದಿಸುವ ಕೆಲಸ ನಿಮ್ಮ ಕಚೇರಿಯ ಮೇಜಿಗೆ ಬಂದಿದೆ. ಅದನ್ನು ತಿದ್ದುವ ಕೆಲಸ ಆ ಮೇಜಿನಿಂದ ದೂರ ಹೋಗಿದೆ. ಈ ಎರಡನ್ನೂ ಮತ್ತೆ ಒಂದೇ ಮೇಜಿಗೆ ತನ್ನಿ. ಹಾಗೆ ತರುವವರೆಗೆ ಕಾಲೇಜಿನ ಹಳೆಯ ಕೈಬರಹದ ಲೆಡ್ಜರನ್ನು ಮುಚ್ಚಬೇಡಿ.

ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ನಮ್ಮ ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರಿಲ್ಲದ ಊರು ಸಿಗುವುದು ಕಷ್ಟ. ಈ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಮೊದಲ ‘ಟಿ’ಯ ನಂತರ ‘ಎಚ್’ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ಕೊನೆಗೆ ‘ವೈ’ ಹಾಕುವವರಿದ್ದಾರೆ, ‘ಐ’ ಹಾಕುವವರಿದ್ದಾರೆ. ತಂದೆಯ ಹೆಸರಿನ, ಊರಿನ ಹೆಸರಿನ ಇನಿಷಿಯಲ್ಲನ್ನು ಮುಂದೆ ಬರೆಯುವವರಿದ್ದಾರೆ, ಹಿಂದೆ ಬರೆಯುವವರಿದ್ದಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೂಪ, ಆಧಾರ್‌ನಲ್ಲಿ ಮತ್ತೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಲೆಡ್ಜರಿನ ಕಾಲದಲ್ಲಿ ಇದು ದೊಡ್ಡ ವಿಷಯವಾಗಿರಲಿಲ್ಲ, ಏಕೆಂದರೆ ಎದುರಿಗೆ ನಿಂತ ಹುಡುಗ ಯಾರೆಂದು ಗುಮಾಸ್ತರಿಗೆ ಗೊತ್ತಿರುತ್ತಿತ್ತು. ಯಂತ್ರಕ್ಕೆ ಹುಡುಗ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಪ್ರವೇಶಾತಿಯ ಗಡಿಬಿಡಿಯಲ್ಲಿ ಬಿದ್ದ ಒಂದು ಅಕ್ಷರ ಹಾಲ್ ಟಿಕೆಟ್ಟಿಗೆ ಹೋಗುತ್ತದೆ, ಅಲ್ಲಿಂದ ಅಂಕಪಟ್ಟಿಗೆ ಹೋಗುತ್ತದೆ, ಅಂಕಪಟ್ಟಿಯಿಂದ ಡಿಜಿಲಾಕರಿಗೆ ಹೋಗುತ್ತದೆ. ಅತ್ತ ವಿದ್ಯಾರ್ಥಿವೇತನದ ಎಸ್ಎಸ್‌ಪಿ ಪೋರ್ಟಲ್ಲಿನಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್, ಕಾಲೇಜಿನ ನೋಂದಣಿ ಮೂರೂ ತಾಳೆಯಾಗಬೇಕಾದ ಹೊತ್ತಿಗೆ ಅದೇ ಅಕ್ಷರ ಅಡ್ಡ ಬರುತ್ತದೆ. ಹಿಂದೆ ಒಂದು ಪುಸ್ತಕದ ಒಂದು ಸಾಲಿನಲ್ಲಿ ಉಳಿದುಬಿಡುತ್ತಿದ್ದ ತಪ್ಪು ಈಗ ನಾಲ್ಕು ಕಡೆ ಒಂದೇ ವೇಗದಲ್ಲಿ ಹರಡುತ್ತದೆ. ಹರಡುವ ವೇಗ ಹೆಚ್ಚಿದ ಮೇಲೆ ತಿದ್ದುವ ವೇಗವೂ ಹೆಚ್ಚಬೇಕಿತ್ತು. ಆದದ್ದು ಅದರ ವಿರುದ್ಧ.

ಮಾಹಿತಿಗೆ ಒಮ್ಮೆ ಅನುಮೋದನೆ ಬಿದ್ದಮೇಲೆ ಹೆಸರು, ಐಚ್ಛಿಕ ವಿಷಯ, ಆಂತರಿಕ ಅಂಕ ಯಾವುದರಲ್ಲಿ ದೋಷ ಕಂಡರೂ ಬಹುಪಾಲು ಸಂದರ್ಭಗಳಲ್ಲಿ ಅದು ವಿಶ್ವವಿದ್ಯಾಲಯದ ಹಂತಕ್ಕೆ ಹೋಗಬೇಕು. ನಮ್ಮ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಅದರ ಆಡಳಿತ ಕಚೇರಿ ಇರುವುದು ತೋಳಹುಣಸೆಯ ಶಿವಗಂಗೋತ್ರಿಯಲ್ಲಿ. ಧರ್ಮಪುರ ಹೋಬಳಿಯ ಹುಡುಗಿ ಹಿರಿಯೂರಿಗೆ ಬಂದು, ಹಿರಿಯೂರಿನಿಂದ ಚಿತ್ರದುರ್ಗಕ್ಕೆ, ದುರ್ಗದಿಂದ ದಾವಣಗೆರೆಗೆ, ಅಲ್ಲಿಂದ ತೋಳಹುಣಸೆಗೆ ಹೋಗಬೇಕು. ಹಿರಿಯೂರಿನಿಂದಲೇ ಲೆಕ್ಕ ಹಾಕಿದರೂ ಒಂದು ದಿಕ್ಕಿಗೆ ನೂರು ಕಿಲೋಮೀಟರಿನಷ್ಟಾಗುತ್ತದೆ. ಹೊಸದುರ್ಗದ ಶ್ರೀರಾಂಪುರ, ಮತ್ತೋಡಿನ ಕಡೆಯವರಿಗೂ ಹಾದಿ ಇದಕ್ಕಿಂತ ಸುಲಭವಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ ಎನ್ನಬಹುದು. ಸರ್ಕಾರಿ ಬಸ್ಸಿನ ಚಾರ್ಜು ಉಳಿಯುತ್ತದೆ, ನಿಜ. ಆದರೆ ನಮ್ಮ ಜಿಲ್ಲೆಯ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಚಾರ್ಜು ಉಳಿದರೂ ಆ ದಿನದ ತರಗತಿ ಉಳಿಯುವುದಿಲ್ಲ, ಜೊತೆಗೆ ಹೊರಟ ಅಪ್ಪನ ಅಥವಾ ಅಣ್ಣನ ಕೂಲಿ ಉಳಿಯುವುದಿಲ್ಲ. ‘ಕಾಲೇಜಿನಿಂದ ಪತ್ರ ತನ್ನಿ’ ಎಂದು ಅಲ್ಲಿ ಹೇಳಿದರೆ, ‘ನಮ್ಮ ಲಾಗಿನ್ನಿನಲ್ಲಿ ತೆರೆಯುತ್ತಿಲ್ಲ’ ಎಂದು ಇಲ್ಲಿ ಹೇಳಿದರೆ, ಎರಡೂ ಮಾತು ಸತ್ಯವೇ ಆಗಿರಬಹುದು. ಆ ಎರಡು ಸತ್ಯಗಳ ನಡುವೆ ಓಡಾಡುವವರು ಮಾತ್ರ ತಪ್ಪು ಮಾಡಿದವರಲ್ಲ. ಫಲಿತಾಂಶ ತಡವಾಗಿದೆ, ಅಂಕಪಟ್ಟಿ ಬಂದಿಲ್ಲ ಎಂದು ರಾಜ್ಯದ ಬೇರೆ ಬೇರೆ ಕಡೆ ವಿದ್ಯಾರ್ಥಿಗಳು ಪ್ರತಿಭಟನೆಗೆ ಇಳಿದದ್ದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಿಮ್ಮ ಕೈಯಲ್ಲಿರುವ ಕಾರಣ ಇದೊಂದು, ಆದ್ದರಿಂದಲೇ ನಿಮಗೆ ಬರೆಯುತ್ತಿದ್ದೇನೆ.

ಕರ್ನಾಟಕಕ್ಕೆ ಇಂಥ ಸ್ಥಳಾಂತರ ಹೊಸದೇನೂ ಅಲ್ಲ. ನಿಮ್ಮ ವಿದ್ಯಾರ್ಥಿಗಳ ತಂದೆತಾಯಂದಿರಲ್ಲಿ ಹೆಚ್ಚಿನವರು ಒಂದು ದೊಡ್ಡ ಗಣಕೀಕರಣವನ್ನು ಆಗಲೇ ಅನುಭವಿಸಿದವರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುವಂತಾಯಿತು. ದೇಶವೇ ಮೆಚ್ಚಿದ ಕೆಲಸ ಅದು, ಮೆಚ್ಚಿದ್ದರಲ್ಲಿ ತಪ್ಪಿಲ್ಲ. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳೂ ಪಹಣಿಯ ಜೊತೆಗೇ ಯಂತ್ರಕ್ಕೆ ಹೋದವು. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಹೇಳುವ ಕಾಲಂ 3ಕ್ಕೂ, ಖಾತೆದಾರರ ಹಿಡುವಳಿ ಹೇಳುವ ಕಾಲಂ 9ಕ್ಕೂ ತಾಳೆಯಾಗದ ಪಹಣಿ ಹಿಡಿದು ಅಲೆದ ರೈತರನ್ನು ಹೊಳಲ್ಕೆರೆಯ ಯಾವ ಹೋಬಳಿಯಲ್ಲಿ ಬೇಕಾದರೂ ಕೇಳಿ. ಸಾಲಕ್ಕೆ, ಪೋಡಿಗೆ, ಪಾಲು ಹಂಚಿಕೆಗೆ ಆ ವ್ಯತ್ಯಾಸ ವರ್ಷಗಟ್ಟಲೆ ಅಡ್ಡ ನಿಂತಿತು. ಕೊನೆಗೆ ಸರ್ಕಾರ ಪಹಣಿ ತಿದ್ದುಪಡಿಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಆ ಅನುಭವದಿಂದ ತೆಗೆದುಕೊಳ್ಳಬೇಕಾದದ್ದು ಎರಡು. ಒಂದು, ದಾಖಲೆ ಯಂತ್ರಕ್ಕೇರಿದ ಮಾತ್ರಕ್ಕೆ ಶುದ್ಧವಾಗುವುದಿಲ್ಲ. ಎರಡು, ತಿದ್ದುಪಡಿ ರೈತನ ಹತ್ತಿರಕ್ಕೆ, ತಾಲ್ಲೂಕಿಗೆ, ಹೋಬಳಿಗೆ ಬಂದಾಗಲೇ ಕೆಲಸ ಸಾಗಿತು. ‘ಭೂಮಿ’ಯಲ್ಲಿ ಮೊದಲಿನಿಂದಲೂ ಇದ್ದ ಇನ್ನೊಂದು ಒಳ್ಳೆಯ ಕಟ್ಟಳೆಯನ್ನೂ ನೆನಪಿಸುತ್ತೇನೆ: ಖಾತೆ ಬದಲಾಗುವ ಮೊದಲು ನೋಟಿಸು, ಆಮೇಲೆ ತಕರಾರಿಗೆ ನಿಗದಿತ ಅವಧಿ. ಒಂದು ಎಕರೆ ಹೊಲಕ್ಕೆ ತಕರಾರು ಅವಧಿ ಇರುವುದಾದರೆ ಒಬ್ಬ ವಿದ್ಯಾರ್ಥಿಯ ಆರು ಸೆಮಿಸ್ಟರಿನ ದಾಖಲೆಗೆ ಏಕಿರಬಾರದು?

ಸಿದ್ಧತೆಯಿಲ್ಲದೆ ಯಂತ್ರವನ್ನು ನಂಬಿ, ತಕರಾರಿಗೆ ಅವಕಾಶವಿಲ್ಲದೆ ದಾಖಲೆಗೆ ಬೀಗ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಮುಂಬೈ ವಿಶ್ವವಿದ್ಯಾಲಯ 2017ರಲ್ಲಿ ಸಾಕಷ್ಟು ಸಿದ್ಧತೆಯಿಲ್ಲದೆ ಪರದೆಯ ಮೇಲಿನ ಮೌಲ್ಯಮಾಪನಕ್ಕೆ ಹೊರಳಿತು. ಫಲಿತಾಂಶ ತಿಂಗಳುಗಟ್ಟಲೆ ತಡವಾಗಿ, ಕೊನೆಗೆ ಕುಲಪತಿಯವರೇ ಹುದ್ದೆ ಕಳೆದುಕೊಂಡರು. ತೆಲಂಗಾಣದಲ್ಲಿ 2019ರ ಏಪ್ರಿಲ್‌ನಲ್ಲಿ ಇಂಟರ್‌ಮೀಡಿಯೆಟ್ ಫಲಿತಾಂಶ ಬಂದಾಗ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ನಪಾಸೆಂದು ದಾಖಲಾಯಿತು. ಆ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಅಲ್ಲಿ ಒಬ್ಬ ವಿದ್ಯಾರ್ಥಿನಿಗೆ ತೆಲುಗಿನಲ್ಲಿ ಸೊನ್ನೆ ಬಂದಿತ್ತು. ಮರುಪರಿಶೀಲಿಸಿದಾಗ ಅದು 99 ಎಂದು ತಿಳಿಯಿತು. ಆ ಸೊನ್ನೆಯನ್ನು ಯಂತ್ರ ತಾನಾಗಿ ಹುಟ್ಟಿಸಿದ್ದಲ್ಲ, ಅಂಕ ಗುರುತಿಸಿದವರ ಕೈಯಲ್ಲಾದ ತಪ್ಪು ಅದು. ಪರದೆಯ ಮೇಲೆ ಮೂಡಿದ ಮೇಲೆ, ಫಲಿತಾಂಶ ಪ್ರಕಟವಾಗುವವರೆಗೂ ಯಾರೂ ಅದನ್ನು ಅನುಮಾನಿಸಿ ತಡೆಯಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆಯ ‘ಹೊರೈಜನ್’ ಲೆಕ್ಕದ ತಂತ್ರಾಂಶದ ಪ್ರಕರಣದಲ್ಲಿ ಯಂತ್ರದ ಮೇಲಿನ ಇದೇ ನಂಬಿಕೆ ಇನ್ನೂ ಕ್ರೂರವಾಗಿ ಕೆಲಸ ಮಾಡಿತು. ಯಂತ್ರ ತೋರಿಸಿದ ತಪ್ಪು ಲೆಕ್ಕವನ್ನೇ ಸಾಕ್ಷ್ಯವೆಂದು ಹಿಡಿದು 1999ರಿಂದ 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಉಪ ಅಂಚೆ ಪಾಲಕರನ್ನು ಕಳ್ಳತನ, ಲೆಕ್ಕದ ವಂಚನೆಯಂಥ ಆರೋಪಗಳ ಮೇಲೆ ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಮಾಡಲು 2024ರಲ್ಲಿ ಅಲ್ಲಿನ ಸಂಸತ್ತು ಕಾನೂನನ್ನೇ ತರಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಅಂಥದ್ದು ನಡೆದಿದೆ ಎಂದು ನಾನು ಹೇಳುತ್ತಿಲ್ಲ. ‘ಸಿಸ್ಟಮ್ಮಿನಲ್ಲಿ ಹಾಗೇ ತೋರಿಸ್ತಿದೆ’ ಎಂಬ ಮಾತು ಕೌಂಟರಿನಲ್ಲಿ ಉತ್ತರವಾಗಿ ಸಲ್ಲತೊಡಗಿದರೆ ಅದು ಎಲ್ಲಿಗೆ ಮುಟ್ಟಬಹುದು ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಇದರ ಪರಿಹಾರ ನಿಮಗೆ ಹೊಸದಾಗಿ ಕಲಿಯಬೇಕಾದದ್ದೂ ಅಲ್ಲ. ಸರ್ಕಾರಿ ಕಾಲೇಜಿನ ಕಾಯಂ ನೌಕರರಾದ ನಿಮ್ಮ ಸಂಬಳ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಆಗಿ ಬರುತ್ತಿರುವುದು ಬಹಳ ವರ್ಷಗಳಿಂದ. ಅದರಲ್ಲಿ ಒಂದು ವೇತನ ಬಡ್ತಿ ತಪ್ಪಿ ನಮೂದಾದರೆ ನೀವು ಏನು ಮಾಡುತ್ತೀರಿ? ಸೇವಾ ಪುಸ್ತಕ ತೆಗೆದು ತೋರಿಸುತ್ತೀರಿ. ಆ ಪುಸ್ತಕವನ್ನು ಕಾಲಕಾಲಕ್ಕೆ ನೌಕರರಿಗೆ ತೋರಿಸಿ ಸಹಿ ಪಡೆಯಬೇಕೆಂಬ ಪದ್ಧತಿ ಇದೆ. ಬಟವಾಡೆ ಅಧಿಕಾರಿಯಾದ ಪ್ರಾಂಶುಪಾಲರು ನಿಮ್ಮ ಕಟ್ಟಡದಲ್ಲೇ ಇರುತ್ತಾರೆ, ನಿಮ್ಮ ಅಹವಾಲು ಅಲ್ಲೇ ಶುರುವಾಗುತ್ತದೆ. ನಿಮ್ಮ ಮೂಲ ದಾಖಲೆಯನ್ನು ನಿಮಗೆ ತೋರಿಸದೆ ಮುಚ್ಚಿ, ತಿದ್ದುಪಡಿಗೆ ನೂರು ಕಿಲೋಮೀಟರ್ ಹೋಗಿ ಎಂದಿದ್ದರೆ ನೌಕರರ ಸಂಘ ಸುಮ್ಮನಿರುತ್ತಿರಲಿಲ್ಲ, ಸುಮ್ಮನಿರಬೇಕಾಗಿಯೂ ಇಲ್ಲ. ನಿಮಗೆ ನ್ಯಾಯವೆನಿಸಿದ ಆ ಮೂರನ್ನು, ಅಂದರೆ ಮೂಲ ಪುಸ್ತಕ, ನೋಡಿ ಸಹಿ ಮಾಡುವ ಹಕ್ಕು, ಹತ್ತಿರದ ಅಧಿಕಾರಿ ಇವನ್ನು, ನಿಮ್ಮ ವಿದ್ಯಾರ್ಥಿಗಳಿಗೂ ಕೊಡಿ.

ನಿಮ್ಮ ಕಷ್ಟಗಳು ನನಗೆ ತಿಳಿಯದವಲ್ಲ. ಮೊದಲ ಆಕ್ಷೇಪ ಸಿಬ್ಬಂದಿಯದು. ಕಚೇರಿಯ ಮಂಜೂರಾದ ಹುದ್ದೆಗಳೆಲ್ಲ ಭರ್ತಿಯಾಗಿರುವುದಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಆಂತರಿಕ ಅಂಕ ನಮೂದಿಸಿದ ಅತಿಥಿ ಉಪನ್ಯಾಸಕರು ಮುಂದಿನ ಸೆಮಿಸ್ಟರಿಗೆ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತ್ರಿಯೂ ಇಲ್ಲ. ಎಲ್ಲವೂ ನಿಜ. ಆದರೆ ಈ ಆಕ್ಷೇಪ ನನ್ನ ವಾದವನ್ನು ಗಟ್ಟಿಮಾಡುತ್ತದೆಯೇ ಹೊರತು ಅಲ್ಲಗಳೆಯುವುದಿಲ್ಲ. ಅಂಕ ಕೊಟ್ಟವರೇ ಊರು ಬಿಟ್ಟು ಹೋಗಬಹುದಾದ ಕಡೆ ಅವರ ಸಹಿ ಇರುವ ಅಂಕಗಳ ಲೆಡ್ಜರ್ ಕಾಲೇಜಿನಲ್ಲಿ ಉಳಿಯದಿದ್ದರೆ, ಎರಡು ವರ್ಷದ ನಂತರ ತಕರಾರು ಬಂದಾಗ ಯಾವ ಆಧಾರದ ಮೇಲೆ ತೀರ್ಮಾನಿಸುತ್ತೀರಿ? ಪರಿಶೀಲನೆಗೆ ಹೊಸ ಸಿಬ್ಬಂದಿ ಬೇಕಾಗಿಯೂ ಇಲ್ಲ. ತನ್ನ ಹೆಸರು, ತನ್ನ ವರ್ಗ, ತನ್ನ ಐಚ್ಛಿಕ ವಿಷಯ ಸರಿಯಾಗಿದೆಯೇ ಎಂದು ನೋಡಲು ಆ ವಿದ್ಯಾರ್ಥಿಗಿಂತ ಆಸ್ಥೆಯಿರುವ ಪರಿಶೀಲಕರು ಇನ್ಯಾರಿದ್ದಾರೆ?

ಎರಡನೆಯದು, ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ತಾವೇ ಲಾಗಿನ್ ಆಗಿ ನೋಡಿಕೊಳ್ಳಲಿ ಎಂಬುದು. ಮೊಬೈಲ್ ಇದೆ, ಆದರೆ ಪ್ರವೇಶಾತಿಯ ದಿನ ಕೊಟ್ಟ ನಂಬರ್ ಎಷ್ಟೋ ಸಲ ಮನೆಯ ಇನ್ನೊಬ್ಬರದು, ಅಥವಾ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಕೊಟ್ಟವರದು. ಬಹಳ ಕಾಲ ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿ ರದ್ದುಮಾಡಿ ಬೇರೆಯವರಿಗೆ ಕೊಡುತ್ತದೆ. ಮೂರನೇ ಸೆಮಿಸ್ಟರಿನ ಹೊತ್ತಿಗೆ ಓಟಿಪಿ ಹೋಗುವುದು ಗುರುತಿಲ್ಲದ ಯಾರಿಗೋ. ಇನ್ನು ಪರದೆಯ ಮೇಲಿರುವ ಇಂಗ್ಲಿಷ್ ವಿವರವನ್ನು ಮೊದಲ ತಲೆಮಾರಿನ ವಿದ್ಯಾರ್ಥಿ ಓದಬಲ್ಲ, ಆದರೆ ಪಕ್ಕದಲ್ಲಿ ಕುಳಿತ ತಾಯಿ ಓದಲಾರಳು. ಆದ್ದರಿಂದ ಆ ವಿವರ ಒಮ್ಮೆಯಾದರೂ ಕಾಗದದ ಮೇಲೆ, ಕನ್ನಡದಲ್ಲಿ, ಆ ಮನೆಗೆ ಹೋಗಬೇಕು.

ಮೂರನೆಯದೇ ಗಂಭೀರವಾದದ್ದು: ತಿದ್ದುವ ಅಧಿಕಾರ ಕಾಲೇಜಿಗೆ ಕೊಟ್ಟರೆ ಅಂಕ ತಿದ್ದುವ ಅಕ್ರಮಕ್ಕೆ ಬಾಗಿಲು ತೆರೆದಂತೆ ಎನ್ನುತ್ತಾರೆ. ಈ ಭಯ ಆಧಾರವಿಲ್ಲದ್ದಲ್ಲ, ಹಾಗೆಂದೇ ನಾನು ಅಂತಿಮ ಪರೀಕ್ಷೆಯ ಅಂಕವನ್ನು ಕಾಲೇಜಿನಲ್ಲಿ ತಿದ್ದಿ ಎನ್ನುತ್ತಿಲ್ಲ. ಹೆಸರಿನ ಅಕ್ಷರ, ಇನಿಷಿಯಲ್, ಜನ್ಮದಿನಾಂಕ, ವರ್ಗ, ಆಯ್ದ ಐಚ್ಛಿಕ ವಿಷಯ ಇವು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಪ್ರವೇಶಾತಿ ಅರ್ಜಿಯನ್ನು ಪಕ್ಕಕ್ಕಿಟ್ಟು ತಾಳೆ ನೋಡಿ ತಿದ್ದಬಹುದಾದವು. ಒಬ್ಬರು ತಿದ್ದಲಿ, ಪ್ರಾಂಶುಪಾಲರು ಅನುಮೋದಿಸಲಿ, ಯಾರು ಯಾವ ದಿನ ಏನು ಬದಲಿಸಿದರು ಎಂಬುದು ತಂತ್ರಾಂಶದಲ್ಲೇ ಉಳಿಯಲಿ. ಆ ದಾಖಲೆ ಅಳಿಸಲಾಗದಂತಿದ್ದರೆ ಅಕ್ರಮ ಬಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ. ಈ ವಿಷಯದಲ್ಲಿ ಲೆಡ್ಜರಿಗಿಂತ ಯಂತ್ರವೇ ಮೇಲು ಎಂದು ಒಪ್ಪುತ್ತೇನೆ. ಆಂತರಿಕ ಅಂಕದ ತಿದ್ದುಪಡಿ ಮಾತ್ರ ಲೆಡ್ಜರಿನ ಪ್ರತಿಯೊಂದಿಗೆ ವಿಶ್ವವಿದ್ಯಾಲಯಕ್ಕೆ ಹೋಗಲಿ, ಆದರೆ ಅದನ್ನು ಕಳಿಸುವವರು ನೀವಾಗಿರಿ. ಹುಡುಗರ ಕೈಗೆ ಪತ್ರ ಕೊಟ್ಟು ಬಸ್ ಹತ್ತಿಸಬೇಡಿ.

ತಂತ್ರಾಂಶ ನಮ್ಮದಲ್ಲ, ಮೇಲಿನವರದು, ನಾವೇನು ಮಾಡಲಾದೀತು ಎಂದೂ ಹೇಳುವುದುಂಟು. ಮೇಲಿನವರ ನಿರ್ಧಾರಗಳು ನಿಮ್ಮನ್ನು ಎಷ್ಟು ತಿರುಗಿಸಿವೆ ಎಂಬುದು ಗೊತ್ತಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ರಚನೆಗೆ 2021ರಲ್ಲಿ ಹೊಂದಿಕೊಂಡ ಪದ್ಧತಿ, 2024ರ ಮೇ ತಿಂಗಳ ಆದೇಶದಿಂದ ಮತ್ತೆ ಮೂರು ವರ್ಷದ ಪದವಿಗೆ ಹೊಂದಿಕೊಳ್ಳಬೇಕಾಯಿತು. ಒಂದೇ ಕೌಂಟರಿನ ಮುಂದೆ ಎರಡು ಬಗೆಯ ಪಠ್ಯಕ್ರಮದ ಮಕ್ಕಳು ನಿಂತರು. ಆದರೆ ಮೇಲಿನವರು ಬದಲಾಗುತ್ತಲೇ ಇರುತ್ತಾರೆ ಎಂಬುದನ್ನು ನಮ್ಮ ಜಿಲ್ಲೆಯ ಚರಿತ್ರೆಯೇ ಹೇಳುತ್ತದೆ. ನಮ್ಮ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, 2009ರಲ್ಲಿ ದಾವಣಗೆರೆ ಬಂತು. ಒಂದೇ ಕಾಲೇಜಿನಲ್ಲಿ ಓದಿದ ಅಜ್ಜ, ಮಗ, ಮೊಮ್ಮಗಳ ಪದವಿ ಪತ್ರದ ಮೇಲೆ ಮೂರು ವಿಶ್ವವಿದ್ಯಾಲಯಗಳ ಮುದ್ರೆ ಇರಬಹುದು. ಬದಲಾಗದೆ ಉಳಿದದ್ದು ಕಾಲೇಜು ಮತ್ತು ಅದರ ಪ್ರವೇಶಾತಿ ಪುಸ್ತಕ. ನಾಳೆ ಯುಯುಸಿಎಂಎಸ್ ಹೋಗಿ ಇನ್ನೊಂದು ಬಂದರೂ ಕೊನೆಯ ಸಾಕ್ಷಿಯಾಗಿ ನಿಲ್ಲುವುದು ಅದೇ ಪುಸ್ತಕ.

ಹೀಗಾಗಿ ನನ್ನ ಕೋರಿಕೆ ಇಷ್ಟು. ಮಾಹಿತಿಗೆ ಅಂತಿಮ ಅನುಮೋದನೆ ಒತ್ತುವ ಮೊದಲು ಪ್ರತಿ ವಿದ್ಯಾರ್ಥಿಗೂ ಅವರ ವಿವರದ ಒಂದು ಪುಟದ ಕನ್ನಡ ಮುದ್ರಿತ ಪ್ರತಿ ಕೊಡಿ. ಮನೆಗೆ ಒಯ್ದು ತೋರಿಸಿ, ತಿದ್ದಿ, ಸಹಿ ಮಾಡಿ ತರಲು ಒಂದು ವಾರದ ತಕರಾರು ಅವಧಿ ಇರಲಿ. ಪ್ರತಿ ಸೆಮಿಸ್ಟರಿನ ಆಂತರಿಕ ಅಂಕವನ್ನು ನಮೂದಿಸಿದ ಮೇಲೂ ಬೀಗ ಬೀಳುವ ಮುನ್ನ ಅದನ್ನು ವಿದ್ಯಾರ್ಥಿಗೆ ತೋರಿಸಿ, ಮುದ್ರಿಸಿ, ಅಧ್ಯಾಪಕರ ಸಹಿಯೊಂದಿಗೆ ಲೆಡ್ಜರಿಗೆ ಅಂಟಿಸಿ; ಆ ತಂಡಕ್ಕೆ ಪದವಿ ಪ್ರಮಾಣಪತ್ರ ಸಿಗುವವರೆಗಾದರೂ ಲೆಡ್ಜರ್ ಕಾಲೇಜು ಬಿಟ್ಟು ಹೋಗದಿರಲಿ. ತಿದ್ದುಪಡಿ ಅರ್ಜಿ ತಂದವರಿಗೆ ದಿನಾಂಕ ಹಾಕಿದ ಸ್ವೀಕೃತಿ ಕೊಡಿ. ಕರ್ನಾಟಕ ‘ಸಕಾಲ’ದ ನಾಡು, ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳುವ ಹಕ್ಕನ್ನು 2011ರಲ್ಲೇ ಕಾನೂನು ಮಾಡಿದ ರಾಜ್ಯ. ಅಂಥ ರಾಜ್ಯದಲ್ಲಿ ಕಾಲೇಜು ಕಿಟಕಿಯಲ್ಲಿ ಕೊಟ್ಟ ಅರ್ಜಿಗೆ ಒಂದು ಚೀಟಿಯೂ ಸಿಗದಿರಬಾರದು. ಮಾಹಿತಿಯ ದೋಷ ಬಗೆಹರಿಯದೆ ಉಳಿದಿದ್ದರೂ ಆ ಒಂದೇ ಕಾರಣಕ್ಕೆ ಯಾರನ್ನೂ ಪರೀಕ್ಷಾ ಕೊಠಡಿಯಿಂದ ಹೊರಗೆ ನಿಲ್ಲಿಸದಂತೆ, ಪ್ರಾಂಶುಪಾಲರ ಸಹಿಯ ತಾತ್ಕಾಲಿಕ ಪ್ರವೇಶಪತ್ರಕ್ಕೆ ವಿಶ್ವವಿದ್ಯಾಲಯದಿಂದ ಮೊದಲೇ ಒಪ್ಪಿಗೆ ಪಡೆದಿಟ್ಟುಕೊಳ್ಳಿ.

ಇನ್ನೊಂದು ಕೆಲಸ ನಾಲ್ಕು ತಾಲ್ಲೂಕಿನವರೂ ಸೇರಿ ಮಾಡಬೇಕಾದದ್ದು. ಒಬ್ಬೊಬ್ಬ ಪ್ರಾಂಶುಪಾಲರು ಬೇರೆ ಬೇರೆಯಾಗಿ ಬರೆದ ಪತ್ರ ಕಡತದಲ್ಲಿ ಉಳಿಯುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ಒಟ್ಟಾಗಿ ಸಹಿ ಹಾಕಿ ಬರೆದರೆ ಉತ್ತರ ಬರುತ್ತದೆ. ದಾವಣಗೆರೆ ವಿಶ್ವವಿದ್ಯಾಲಯಕ್ಕೆ ದುರ್ಗದ ಹೊರವಲಯದ ಗುಡ್ಡದ ರಂಗವ್ವನಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಪರೀಕ್ಷಾಂಗ ವಿಭಾಗದ ಅಧಿಕಾರವುಳ್ಳ ಸಿಬ್ಬಂದಿ ತಿಂಗಳಿಗೊಂದು ದಿನ ಅಲ್ಲಿ ಕುಳಿತು, ಕಾಲೇಜುಗಳು ತಂದ ತಿದ್ದುಪಡಿಗಳನ್ನು ಅಂದೇ ಮುಗಿಸಿಕೊಡಲಿ ಎಂದು ಕೇಳಿ. ಕಟ್ಟಡವಿದೆ, ಮೇಜು ಕುರ್ಚಿ ಇವೆ, ಇಂಟರ್ನೆಟ್ ಇದೆ. ಬೇಕಾಗಿರುವುದು ಒಂದು ಆದೇಶ. ಮುಂದಿನ ಸೆಮಿಸ್ಟರಿನ ಪರೀಕ್ಷಾ ಅರ್ಜಿ ತೆರೆಯುವ ಮೊದಲೇ ಆ ಪತ್ರ ನಿಮ್ಮಿಂದ ಹೊರಡಲಿ ಎಂದು ವಿನಂತಿಸುತ್ತೇನೆ.



ಇಂತು ತಮ್ಮ ವಿಶ್ವಾಸಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ನಾಗರಿಕ